ಎಡಸುಳಿಯ ಹುಳ

ಗೋದಾವರಿಗೆ ಹುಟ್ಟಿನಿಂದಲೇ ಹೃದಯದಲ್ಲಿ ತೂತಿತ್ತು. ಇನ್ನಷ್ಟು ಮೈ ತುಂಬಲಿ, ಆಮೇಲೆ ಆಪರೇಷನ್ ಮಾಡೋಣ ಎಂದು ಹೈದರಾಬಾದಿನ ಡಾಕ್ಟರು ಹೇಳಿ ಕಳಿಸಿದ್ದರು. ಮೈ ತುಂಬಲೇ ಇಲ್ಲ. ಶಾಲೆ ಬಿಡಿಸಿದ ಮೇಲೆ ಕಲಬುರಗಿಯ ಬ್ರಹ್ಮಪುರದ ಮನೆಯ ಪಡಸಾಲೆಯೇ ಹುಡುಗಿಯ ಲೋಕವಾಯಿತು. ತಂದೆ ಗೋಪಾಲ ಕೋರ್ಟಿನಲ್ಲಿ ಗುಮಾಸ್ತ. ಒಮ್ಮೆ ಹೈದರಾಬಾದಿಗೆ ತಪಾಸಣೆಗೆ ಹೋದಾಗ ಮಗಳು ಸಾಕುಮೀನಿನ ಅಂಗಡಿಯೊಂದರ ಮುಂದೆ ನಿಂತು ಕದಲಲಿಲ್ಲವೆಂದು, ಗಾಜಿನ ತೊಟ್ಟಿ, ನಾಲ್ಕು ಮೀನು, ಒಂದು ಹಿಡಿ ನೀರುಗಿಡ ಕೊಂಡು ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ.

ಗಿಡದ ಜೊತೆ ಹುಳವೂ ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ನೋಡನೋಡುತ್ತ ಗಾಜಿನ ತುಂಬ ಜೋಳದ ಕಾಳಿನಷ್ಟು ಶಂಖದ ಹುಳ. ತಾಯಿ ಇಂದೂಬಾಯಿಗೆ ಹೇಸಿಗೆ. ತೆಗೆದು ಚೆಲ್ಲಲು ಹೋದರೆ ಗೋದಾ ಕೈ ಹಿಡಿದಳು.

"ಇರಲಿ ಬಿಡು, ಆಯಿ. ನೋಡಿಲ್ಲಿ, ಇವುಕ್ಕ ಬಾಯಿ ಎಡಕ್ಕದ. ನನ್ಹಂಗ ಎಡಚ ಅವ ಇವು."

ಎಡಗೈಯಲ್ಲಿ ಉಣ್ಣುತ್ತಾಳೆಂದು ಮಗಳನ್ನು ದಿನವೂ ಗದರಿಸುತ್ತಿದ್ದ ಇಂದೂಬಾಯಿ ಅಂದು ನಕ್ಕು ಸುಮ್ಮನಾದಳು.

ಆ ಬೇಸಿಗೆಯಲ್ಲಿ ಕರೆಂಟು ಹೋಗಿ, ನೀರು ಕಾದು, ಮೀನು ಒಂದೊಂದಾಗಿ ಹೊಟ್ಟೆ ಮೇಲೆ ಮಾಡಿ ತೇಲಿದವು. ಹುಳಗಳು ಮಾತ್ರ ಮೇಲೆ ಬಂದು ಉಸಿರು ತೆಗೆದುಕೊಂಡು ಮತ್ತೆ ಕೆಳಗಿಳಿದವು. ಗೋದಾ ಮೀನಿಗಾಗಿ ಅತ್ತು, ಹುಳಗಳನ್ನು ಇನ್ನಷ್ಟು ಹಚ್ಚಿಕೊಂಡಳು.

ಅದೇ ವರ್ಷ, ೧೯೮೭ರ ಶ್ರಾವಣದಲ್ಲಿ ಅವಳೂ ಹೋದಳು. ಒಂಬತ್ತು ತುಂಬಿರಲಿಲ್ಲ.

"ಅದನ್ನ ನನ್ನ ಕಣ್ಣ ಮುಂದಿಂದ ತಗೀರಿ" ಎಂದು ಇಂದೂಬಾಯಿ ತೊಟ್ಟಿಯ ಕಡೆ ಬೆನ್ನು ಮಾಡಿ ಹೇಳಿದಳು. ಗೋಪಾಲ ತೆಗೆದ. ಎಲ್ಲಿ ಒಯ್ದನೆಂದು ಅವಳು ಕೇಳಲಿಲ್ಲ.

ಎರಡು ವರ್ಷ ಬಿಟ್ಟು ಪಂಚಮಿಗೆ ಅವಳು ಕಮಲಾಪುರದ ತವರಿಗೆ ಹೋದಳು. ತಮ್ಮ ಬಂಡುವಿಗೆ ಅಲ್ಲಿ ಕೆಂಪು ಬಾಳೆಯ ತೋಟ. ತೋಟದ ಬಾವಿಯ ನೀರು ಪಂಪಿನಿಂದ ಸಿಮೆಂಟ್ ತೊಟ್ಟಿಗೆ ಬೀಳುತ್ತಿತ್ತು. ಆಳುಮಕ್ಕಳ ಓಣಿಯವರೆಲ್ಲ ಕುಡಿಯಲು ಅಲ್ಲಿಂದಲೇ ತುಂಬಿಕೊಳ್ಳುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ತೋಟದಲ್ಲಿ ದುಡಿಯುತ್ತಿದ್ದ ಬಂಡೆಮ್ಮ ಅವಳನ್ನು ಕಂಡು ಕೊಡ ಬಗ್ಗಿಸಿ ತೋರಿಸಿದಳು.

"ನೋಡ್ರಿ ಬಾಯಾರ, ಎಷ್ಟು ಸೋಸಿದ್ರೂ ಬರ್ತಾವ. ನನ್ನ ಮಕ್ಕಳು ನೀರ ಒಲ್ಲೆ ಅಂತಾವ."

ಇಂದೂಬಾಯಿ ಒಂದು ಹುಳವನ್ನು ಅಂಗೈಯಲ್ಲಿಟ್ಟು ತಿರುಗಿಸಿದಳು. ಬಾಯಿ ಎಡಕ್ಕಿತ್ತು. ಅವಳು ಅಲ್ಲೇ ತೊಟ್ಟಿಯ ಕಟ್ಟೆಯ ಮೇಲೆ ಕುಳಿತಳು.

ಕಲಬುರಗಿಗೆ ಮರಳಿದವಳು ಗಂಡನನ್ನು ಒಂದೇ ಮಾತು ಕೇಳಿದಳು. "ಎಲ್ಲಿ ಸುರುವಿದ್ರಿ?"

ಏನನ್ನು ಎಂದು ಗೋಪಾಲ ಕೇಳಲಿಲ್ಲ. "ಗಟಾರಕ್ಕ ಸುರುವಾಕ ಕೈ ಬರಲಿಲ್ಲ, ಇಂದೂ. ಆಕಿ ಕೈಯಾಡಿಸಿದ ನೀರು. ನಿನ್ನ ತವರಿನ ಬಾವ್ಯಾಗರ ಇರಲಿ ಅಂತ..." ಎಂದು ತಲೆ ತಗ್ಗಿಸಿದ.

ಮುಂದಿನ ಬೇಸಿಗೆಯಲ್ಲಿ ಬಂಡು ಹುಳದ ಕಾಟ ತಪ್ಪಿಸಲು ಬಾವಿಯ ನೀರೆಲ್ಲ ಹೊರಗೆ ಹೊಡೆಸಿ, ಹೂಳು ತೆಗೆಸಿ, ತಳವನ್ನು ಬಿಸಿಲಿಗೆ ಬಿಟ್ಟ. ಮೇಲೆ ಸುಣ್ಣ, ಬ್ಲೀಚಿಂಗ್ ಪೌಡರ್ ಚೆಲ್ಲಿಸಿದ. ಆಳುಗಳ ಕಾಲಡಿ ಚಿಪ್ಪುಗಳು ಚಟಚಟ ಒಡೆಯುತ್ತಿದ್ದರೆ ಇಂದೂಬಾಯಿ ಬಾವಿಯ ಮೆಟ್ಟಿಲ ಮೇಲೆ ಸೆರಗು ಕಚ್ಚಿ ನಿಂತಿದ್ದಳು. ಸಾಯಲಿ ಎಂದೂ ಅನ್ನಿಸುತ್ತಿತ್ತು, ಬೇಡವೆಂದೂ ಅನ್ನಿಸುತ್ತಿತ್ತು.

"ಎಲ್ಲಾ ಸತ್ತುವಕ್ಕಾ," ಎಂದ ಬಂಡು.

ಆದರೆ ಕಲ್ಲುಸಂದಿಯ ಹಸಿಮಣ್ಣಿನಲ್ಲಿ ಕೆಲವು ಉಳಿದಿದ್ದವು. ಮೊಟ್ಟೆಯಿಡಲು ಆ ಜಾತಿಗೆ ಜೋಡಿಯೂ ಬೇಕಿಲ್ಲ, ಒಂದೇ ಸಾಕು. ಮಳೆ ಬಿದ್ದು ದಸರೆಯ ಹೊತ್ತಿಗೆ ಬಾವಿ ಮತ್ತೆ ಹುಳದ ಬಾವಿಯಾಯಿತು. ತಿರುಗಿ ಬಾರದೆ ಹೋದವು ಆ ಬಾವಿಯವೇ ಆದ, ಮೊದಲಿನಿಂದಲೂ ಅಲ್ಲಿದ್ದ ಬೇರೆ ಜಾತಿಯ ಹುಳಗಳು. ದಪ್ಪ ಚಿಪ್ಪಿನ ಅವನ್ನು ಬಂಡೆಮ್ಮ ಅತ್ತೆಯ ಮಂಡಿನೋವಿಗೆಂದು ಬೇಯಿಸಿ ಸಾರು ಮಾಡುತ್ತಿದ್ದಳು.

"ನಮ್ಮವು ಸುಣ್ಣಕ್ಕ ಸತ್ತು ಹೋದ್ವು. ಈ ಹಾಳಾದ್ವು ಜಪ್ಪಯ್ಯ ಅಂದ್ರೂ ಹೋಗವಲ್ವು," ಎಂದು ಅವಳು ಶಪಿಸಿದಾಗ ಇಂದೂಬಾಯಿಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟಳು.

ಬಂಡೆಮ್ಮ ಕೊಡ ಕೆಳಗಿಟ್ಟಳು.

"ನಿಮ್ಮ ಕೂಸಿನ್ವು ಅಂದ್ರ ನನಗೂ ಶಪಿಸಾಕ ಬಾಯಿ ಬರೂದಿಲ್ರೀ. ಆದ್ರ ನನ್ನ ಮಕ್ಕಳು ಇದೇ ನೀರ ಕುಡೀಬೇಕಲ್ರೀ, ಬಾಯಾರ."

ಮುಂದಿನ ಭಾನುವಾರದಿಂದ ಪ್ರತಿ ವಾರ ಇಂದೂಬಾಯಿ ಕಮಲಾಪುರದ ಬೆಳಗಿನ ಬಸ್ಸು ಹತ್ತತೊಡಗಿದಳು. ತೊಟ್ಟಿಯ ಗೋಡೆಗಂಟಿದ ಮೊಟ್ಟೆಗಳನ್ನು ತೆಂಗಿನ ನಾರಿನಿಂದ ಕೆರೆದು ಕಾದ ಬಂಡೆಯ ಮೇಲೆ ಹಾಕುವುದು, ಹುಳಗಳನ್ನು ಆರಿಸಿ ಕಲ್ಲಿನಿಂದ ಜಜ್ಜುವುದು. ಬಂಡೆಮ್ಮ ಬಗಲಲ್ಲಿ ಕುಳಿತು ನೀರು ಬಳಿಯುತ್ತಿದ್ದಳು. ಮೊಟ್ಟೆಯ ಲೋಳೆಯೊಳಗೆ ಸಾಸಿವೆಗಿಂತ ಸಣ್ಣ ಜೀವ ಮಿಸುಕುವುದು ಬರಿಗಣ್ಣಿಗೇ ಕಾಣುತ್ತಿತ್ತು. ಜೊತೆಗೆ ಬರುತ್ತಿದ್ದ ಗೋಪಾಲ ಅದನ್ನು ನೋಡಲಾರದೆ ಬಾಳೆಯ ಸಾಲಿನೊಳಗೆ ಹೋಗಿ ಕುಳಿತುಬಿಡುತ್ತಿದ್ದ.

ಒಂದು ದಿನ ಎದ್ದು ಬಂದ.

"ಸಾಕು ಬಿಡು, ಇಂದೂ. ಇವು ಮುಗಿಯೂವಲ್ಲ."

"ಗೊತ್ತದ."

"ಮತ್ತ್ಯಾಕ ಜೀವಾ ತೇಯ್ತಿ?"

ಅವಳ ಕೈ ನಿಲ್ಲಲಿಲ್ಲ. "ಆಕಿನ್ನ ಸುಡುಗಾಡಿಗೆ ಒಯ್ಯೂವಾಗ ಹೆಣ್ಮಕ್ಕಳು ಬರಬಾರದಂತ ನನ್ನ ಬಾಗಿಲಾಗೇ ನಿಲ್ಲಿಸಿದ್ರಿ. ನೀವು ಕಡೀತನಾ ಹೋದ್ರಿ. ನಾ ಮನ್ಯಾಗ ಉಳದೆ. ಆಕಿನ್ನ ಕಳಿಸಾಕ ನನಗ ಉಳದದ್ದು ಇದೊಂದೇ."

ಮಗಳು ಸತ್ತಾಗಲೂ ಜನರೆದುರು ಅಳದ ಗೋಪಾಲ ಬಂಡೆಮ್ಮನ ಎದುರಿಗೇ ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಅಂಗಿಯ ತೋಳು ಮಡಿಚಿ ತೊಟ್ಟಿಗಿಳಿದ.

ಓಣಿಗೆ ನಳ ಬರುವವರೆಗೂ ಇಬ್ಬರೂ ಬರುತ್ತಿದ್ದರು. ನಳ ಬಂದ ವಾರ ಬಂಡೆಮ್ಮ, "ಇನ್ನ ತ್ರಾಸು ತಗೋಬ್ಯಾಡ್ರಿ ಬಾಯಾರ, ಬಾವಿ ನೀರ ಯಾರೂ ಕುಡಿಯೂದಿಲ್ಲ," ಎಂದು ಸಂತೋಷದಿಂದಲೇ ಹೇಳಿದಳು.

ಮುಂದಿನ ಭಾನುವಾರ ಇಂದೂಬಾಯಿ ಎಂದಿನಂತೆ ನಸುಕಿಗೆ ಎದ್ದು, ಬುತ್ತಿ ಕಟ್ಟಿ, ಚಪ್ಪಲಿ ಮೆಟ್ಟಿ ಬಾಗಿಲ ತನಕ ಬಂದಳು. ಅಲ್ಲಿ ನೆನಪಾಯಿತು. ಚಪ್ಪಲಿ ಬಿಟ್ಟು, ಬುತ್ತಿಗಂಟು ಮಡಿಲಲ್ಲಿಟ್ಟುಕೊಂಡು ಪಡಸಾಲೆಯ ಗೋಡೆಗೊರಗಿ ಕುಳಿತಳು.