ಅರ್ಧ ಬೆರಳು

“ಬೆಳಿಗ್ಗೆ ಇದ್ದ ಎತ್ತರ ಸಾಯಂಕಾಲಕ್ಕೆ ಎಲ್ಲಿಗೆ ಹೋಗುತ್ತೆ?”

ಗಿಡ್ಡಿ ಕೇಳಿದ್ದು ಯಾರನ್ನೂ ಅಲ್ಲ. ಗುಡಿಸಲ ಬಾಗಿಲ ಚೌಕಟ್ಟಿಗೆ ಬೆನ್ನು ಆನಿಸಿ, ಹಿಮ್ಮಡಿ ಕೂಡಿಸಿ, ನೆತ್ತಿಯ ಮೇಲೆ ಒಂದು ಇಟ್ಟಿಗೆಯನ್ನು ಮಟ್ಟಸವಾಗಿ ಇಟ್ಟುಕೊಂಡು ನಿಂತಿದ್ದಳು. ಅವ್ವ ಆ ಇಟ್ಟಿಗೆಯ ಅಡಿಗೆ ಇದ್ದಿಲಿನಿಂದ ಗೀಟು ಎಳೆದಳು. ಬೆಳಗಿನ ಗೀಟು ಅದಕ್ಕಿಂತ ಒಂದು ಬೆರಳು ಮೇಲಿತ್ತು. ಎರಡರ ನಡುವೆ ಮೊಳೆಯಿಂದ ಕೊರೆದ ಮೂರನೆಯ ಗೀಟೊಂದಿತ್ತು. ಅದು ನೂರಾ ಐವತ್ತೇಳು ಸೆಂಟಿಮೀಟರು, ಪೊಲೀಸ್ ಕೆಲಸಕ್ಕೆ ಸೇರುವ ಹೆಣ್ಣುಮಕ್ಕಳಿಗೆ ಇರಲೇಬೇಕಾದ ಎತ್ತರ. ಹಾಸಿಗೆಯಿಂದ ಎದ್ದಾಗ ಗಿಡ್ಡಿ ಆ ಗೀಟಿನ ಮೇಲಿರುತ್ತಿದ್ದಳು. ಹೊತ್ತು ಮುಳುಗುವಾಗ ಕೆಳಗಿರುತ್ತಿದ್ದಳು.

“ಎಲ್ಲಿಗೆ ಹೋಗುತ್ತೆ, ಇಟ್ಟಿಗೆ ಜೊತೆ ಲಾರಿ ಹತ್ತಿ ಹೋಗುತ್ತೆ,” ಅಂದಳು ಅವ್ವ, ಇದ್ದಿಲನ್ನು ಸೆರಗಿಗೆ ಒರೆಸಿಕೊಳ್ಳುತ್ತ.

ತಾಯಿ ಮಗಳು ಇಬ್ಬರದೂ ಇಟ್ಟಿಗೆ ಗೂಡಿನಲ್ಲಿ ಹೊರುವ ಕೆಲಸ. ನೆತ್ತಿಗೆ ಬಟ್ಟೆಯ ಸಿಂಬಿ, ಸಿಂಬಿಯ ಮೇಲೆ ಹಲಗೆ, ಹಲಗೆಯ ಮೇಲೆ ಹನ್ನೆರಡು ಇಟ್ಟಿಗೆ. ಸುಟ್ಟ ಗೂಡಿನಿಂದ ಲಾರಿಯವರೆಗೆ ನೂರಿಪ್ಪತ್ತು ಹೆಜ್ಜೆ. ಗಿಡ್ಡಿ ಹದಿಮೂರನೇ ವಯಸ್ಸಿನಿಂದ ಆ ನೂರಿಪ್ಪತ್ತು ಹೆಜ್ಜೆಯನ್ನೇ ನಡೆದಿದ್ದಳು, ಈಗ ಇಪ್ಪತ್ತೆರಡು. ರಾತ್ರಿ ಹೊತ್ತು ಓದಿ, ಖಾಸಗಿಯಾಗಿ ಕಟ್ಟಿ ಪಿಯುಸಿ ಮುಗಿಸಿದ್ದಳು.

ಎತ್ತರದ ಗುಟ್ಟು ಹೇಳಿಕೊಟ್ಟವನು ಗೂಡಿನ ಗೇಟು ಕಾಯುವ ಮುದುಕ. ಮೊದಲು ಪೊಲೀಸನಾಗಿದ್ದು ನಿವೃತ್ತನಾದವನು. ಎಲ್ಲರ ಬಾಯಲ್ಲೂ ದಫೇದಾರ ತಾತ.

“ಬೆನ್ನಿನ ಮಣಿ ಮಣಿ ಮಧ್ಯೆ ಮೆತ್ತೆ ಇರುತ್ತೆ ಕಣೆ. ಮಲಗಿದರೆ ಉಬ್ಬುತ್ತೆ, ಹೊತ್ತರೆ ಅಮುಕಿಕೊಳ್ಳುತ್ತೆ. ಮೂರು ದಿನ ತಲೆ ಮೇಲೆ ಒಂದು ಹುಲ್ಲುಕಡ್ಡೀನೂ ಇಡಬೇಡ. ಬೆಳಿಗ್ಗೆ ಎದ್ದು ನೆಟ್ಟಗೆ ಮೈದಾನಕ್ಕೆ ಹೋಗು.”

“ಧಣಿ ಮಕ್ಕಳಿಗೂ ಹೀಗೇನಾ ತಾತ, ಸಾಯಂಕಾಲಕ್ಕೆ ಗಿಡ್ಡ ಆಗ್ತಾರಾ?”

“ಎಲ್ಲರೂ ಆಗ್ತಾರೆ. ಆದರೆ ಅವರು ಹೊರೋದು ಬರೀ ಟೋಪಿ.”

ಆರು ತಿಂಗಳಿಂದ ತಾತನೇ ಅವಳ ಗುರು. ಬೆಳಕು ಹರಿಯುತ್ತಿದ್ದಂತೆ ಗಿಡ್ಡಿ ಮಣ್ಣು ತೆಗೆದ ಹಳ್ಳದ ಸುತ್ತ ಓಡುತ್ತಿದ್ದಳು, ತಾತ ಬೀಡಿ ಕಚ್ಚಿಕೊಂಡು ಹಳೇ ಗಡಿಯಾರ ನೋಡುತ್ತಿದ್ದ. ಮೊದಮೊದಲು ಅವಳಿಗೆ ಓಡಲು ಬರುತ್ತಲೇ ಇರಲಿಲ್ಲ. ಕತ್ತು ಅಲುಗದು, ಕೈ ಬೀಸದು, ಮೊಣಕಾಲು ಅರ್ಧ ಬಾಗಿಯೇ ಇರುವುದು. ತಲೆಯ ಮೇಲೆ ಇಲ್ಲದ ಹೊರೆ ಬಿದ್ದೀತೆಂಬ ಹಾಗೆ. “ಕೈ ಬೀಸೇ ಮಾರಾಯ್ತಿ, ಮದುವೆ ಹೆಣ್ಣಿನ ಹಾಗೆ ಓಡಬೇಡ,” ಎಂದು ತಾತ ಕೂಗಿ ಕೂಗಿ ಕೆಮ್ಮುತ್ತಿದ್ದ.

ಗುಂಡು ಎಸೆತದ್ದು ಇನ್ನೊಂದು ಪಾಡು. ತಾತ ನಾಲ್ಕು ಕೆಜಿಯ ದುಂಡುಕಲ್ಲು ತಂದುಕೊಟ್ಟ. ಗಿಡ್ಡಿ ಅದನ್ನು ಎರಡೂ ಕೈಯಲ್ಲಿ ಸೊಂಟದ ಮಟ್ಟದಿಂದ ಮೇಲಕ್ಕೆ ತೂರಿದಳು. ಕಲ್ಲು ಗಾಳಿಯಲ್ಲಿ ಒಂದು ಕ್ಷಣ ನಿಂತು, ಹಕ್ಕಿ ಕೂತ ಹಾಗೆ ಮೆಲ್ಲಗೆ ನೆಲಕ್ಕಿಳಿಯಿತು. ಲಾರಿಯ ಮೇಲೆ ನಿಂತವರಿಗೆ ಇಟ್ಟಿಗೆ ಎಸೆಯುವುದು ಹಾಗೆಯೇ. ಹಿಡಿಯುವವಳ ಅಂಗೈಗೆ ಬರುವ ಹೊತ್ತಿಗೆ ಅದರ ಬಿರುಸು ಸತ್ತಿರಬೇಕು, ಇಲ್ಲದಿದ್ದರೆ ಅವಳ ಬೆರಳು ಮುರಿಯುತ್ತದೆ.

ತಾತ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ. “ಅಲ್ಲಿ ಯಾರೂ ಹಿಡಿಯೋರು ಇರಲ್ಲ ಮಗಳೆ. ಬಿರುಸಾಗಿ ತಳ್ಳು.”

ಹಿಡಿಯುವವರಿಲ್ಲದ ಕಡೆಗೆ ಎಸೆಯುವುದನ್ನು ಕಲಿಯಲು ಅವಳಿಗೆ ಎರಡು ತಿಂಗಳು ಹಿಡಿಯಿತು.

ಗೂಡಿನ ಮೇಸ್ತ್ರಿಗೆ ಇದೆಲ್ಲ ಪುಕ್ಕಟೆ ನಾಟಕ. ಅವಳು ಶೆಡ್ಡಿನ ತೊಲೆಗೆ ಜೋತುಬಿದ್ದು ಬೆನ್ನು ಎಳೆದುಕೊಳ್ಳುತ್ತಿದ್ದಾಗ ಬಂದು, “ಏನೇ ಪೊಲೀಸಮ್ಮ, ಬಾವಲಿ ಆಗೋ ಕೆಲಸಕ್ಕೆ ಅರ್ಜಿ ಹಾಕಿದೀಯಾ? ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ನಿಮ್ಮಂಥ ಮುಂಡೇವಕ್ಕೆ ಲಾಠಿ ಕೊಟ್ಟರೆ ಒಲೆಗೆ ಹಾಕ್ತೀರ,” ಅನ್ನುತ್ತಿದ್ದ. ಸುತ್ತಲಿದ್ದವರು ನಗುತ್ತಿದ್ದರು. ನಗದಿದ್ದವರ ಪಾಲಿಗೆ ಮಾರನೆಯ ದಿನ ಬಿಸಿ ಆರದ ಗೂಡಿನ ಕೆಲಸ ಬರುತ್ತಿತ್ತು.

ಹೋದ ವರ್ಷ ಇದೇ ಮೇಸ್ತ್ರಿ ಇಟ್ಟಿಗೆ ಅಚ್ಚಿನಿಂದ ಅವ್ವನ ಎಡಗಿವಿಗೆ ಹೊಡೆದಿದ್ದ. ಹಲಗೆ ಜಾರಿ ಆರು ಇಟ್ಟಿಗೆ ಒಡೆದವು, ಅಷ್ಟಕ್ಕೆ. ಕಿವಿಯಿಂದ ರಕ್ತ ಸೋರುತ್ತಿದ್ದ ಅವ್ವನನ್ನು ಗಿಡ್ಡಿ ಠಾಣೆಗೆ ಕರೆದೊಯ್ದಳು. ಮೇಜಿನ ಹಿಂದೆ ಕೂತಿದ್ದವನು ಕಾಗದದಿಂದ ಮುಖ ಎತ್ತಲಿಲ್ಲ.

“ಗೂಡಿನವರಾ? ಬರೆಯೋರು ಊಟಕ್ಕೆ ಹೋಗಿದಾರೆ. ಅಲ್ಲೀವರೆಗೂ ಸುಮ್ಮನೆ ಯಾಕೆ ನಿಂತಿರ್ತೀಯ? ಮೂಲೇಲಿ ಪೊರಕೆ ಇದೆ ನೋಡು.”

ಅವ್ವ ಗುಡಿಸಿದಳು. ಒಂದು ಕೈ ಕಿವಿಯ ಮೇಲೆ, ಒಂದು ಕೈಯಲ್ಲಿ ಪೊರಕೆ. ಅವನ ಮೇಜಿನ ಕೆಳಗೆ ಬಂದಾಗ ಅವನು ಬೂಟುಗಾಲು ಎರಡನ್ನೂ ಎತ್ತಿಕೊಟ್ಟ, ಅಷ್ಟು ಉಪಕಾರ ಮಾಡಿದ. ಬರೆಯುವವರು ಬರಲಿಲ್ಲ. ಮನೆಗೆ ಮರಳುವ ದಾರಿಯಲ್ಲಿ ಗಿಡ್ಡಿ, “ಆ ಮೇಜಿನ ಆಚೆ ಕಡೆ ನಾನು ಕೂರಬೇಕು,” ಅಂದಳು. ಅವ್ವನಿಗೆ ಆ ಕಡೆಯ ಕಿವಿ ಆಗಲೇ ಕೇಳುತ್ತಿರಲಿಲ್ಲ.

ಅವ್ವನಿಗೆ ಅಕ್ಷರ ಬಾರದು, ಪದ್ಯ ಬರುತ್ತಿತ್ತು. ಚಿಕ್ಕಂದಿನಲ್ಲಿ ಯಾರೋ ಓದುವುದನ್ನು ಕಂಬದ ಮರೆಯಲ್ಲಿ ಕೂತು ಕೇಳಿ ಕಲಿತ ದೇವರ ಪದ್ಯಗಳು. ಹೊರೆ ಹೊತ್ತಾಗ ಒಂದೊಂದು ಹೆಜ್ಜೆಗೆ ಒಂದೊಂದು ಮಾತು ಇಡುತ್ತ ಹೇಳಿಕೊಳ್ಳುವಳು; ನೂರಿಪ್ಪತ್ತು ಹೆಜ್ಜೆಗೆ ಸರಿಯಾಗಿ ಎರಡು ಪದ್ಯ. ಗಿಡ್ಡಿ ಓಟ ಕಲಿತದ್ದೂ ಆ ನಡೆಯಿಂದಲೇ. ಅದೇ ಪದ್ಯವನ್ನು ಇಮ್ಮಡಿ ವೇಗದಲ್ಲಿ ಮನಸ್ಸಿನಲ್ಲಿ ಹೇಳಿಕೊಂಡರೆ ಉಸಿರು ತಾನಾಗಿ ಸಾಲಿಗೆ ಬರುತ್ತಿತ್ತು. ನಾನೂರು ಮೀಟರಿಗೆ ಎಷ್ಟು ಸಲ ದೇವರ ಹೆಸರು ಬರುತ್ತದೆಂದು ಅವಳಿಗೆ ಗೊತ್ತಿತ್ತು.

ಆಯ್ಕೆಗೆ ಮೂರು ದಿನ ಉಳಿದಾಗ ಅವ್ವ ಮಗಳ ಸಿಂಬಿಯನ್ನು ಕಿತ್ತು ತನ್ನ ಸಿಂಬಿಯ ಮೇಲಿಟ್ಟುಕೊಂಡಳು. “ನೀನು ಕೂತು ಮಣ್ಣು ಕಲಸು. ನಿನ್ನ ಪಾಲಿಂದೂ ನಾನೇ ಹೊರ್ತೀನಿ. ನಾನೇನು ಇನ್ನು ಬೆಳೀಬೇಕಾ?”

ಮೂರು ದಿನ ಎರಡಾಳಿನ ಹೊರೆ ಹೊತ್ತಳು. ಪದ್ಯ ನಿಂತುಹೋಯಿತು, ಬರೀ ಏದುಸಿರು ಕೇಳುತ್ತಿತ್ತು. ಮೂರನೆಯ ಸಂಜೆ ಗಿಡ್ಡಿ ಚೌಕಟ್ಟಿಗೆ ನಿಂತಾಗ ಇದ್ದಿಲಿನ ಗೀಟು ಕೊರೆದ ಗೀಟಿಗಿಂತ ಮೇಲೆ ಬಿತ್ತು. ಸಂಜೆಯೂ ಮೇಲೆ! ಅವ್ವ ಗೀಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಇನ್ನು ಉಳಿದದ್ದು ಗುರುತಿನ ಚೀಟಿ. ಗೂಡಿನವರೆಲ್ಲರ ಅಸಲು ಚೀಟಿಗಳೂ ಮೇಸ್ತ್ರಿಯ ತಗಡಿನ ಪೆಟ್ಟಿಗೆಯಲ್ಲಿ ಬೀಗದ ಒಳಗೆ ಇರುತ್ತಿದ್ದವು. ಯಾರೂ ಹೇಳದೆ ಕೇಳದೆ ಬಿಟ್ಟುಹೋಗಬಾರದಲ್ಲ. ಅಸಲು ಚೀಟಿ ಇಲ್ಲದೆ ಮೈದಾನದೊಳಗೆ ಬಿಡುವುದಿಲ್ಲ. ಹದಿನೈದು ದಿನದಿಂದ ಕೇಳಿದ್ದಕ್ಕೆಲ್ಲ ಮೇಸ್ತ್ರಿ, “ಹೋಗೋ ದಿನ ಬಾ, ಕೊಡ್ತೀನಿ,” ಅಂದಿದ್ದ.

ಹೋಗುವ ದಿನ ಬಂತು. ಗಿಡ್ಡಿ ತಲೆ ಬಾಚಿ ನಿಂತಾಗ ಮೇಸ್ತ್ರಿ ಹಲ್ಲುಜ್ಜುತ್ತಿದ್ದ. ಗೇಟಿನಲ್ಲಿ ಖಾಲಿ ಲಾರಿಯೊಂದು ನಿಂತಿತ್ತು.

“ಚೀಟಿ ಎಲ್ಲಿಗೂ ಓಡಿಹೋಗಲ್ಲ. ಲಾರಿ ತುಂಬಿಸಿ ತಗೊಂಡು ಹೋಗು.”

“ಇವತ್ತೊಂದು ದಿನ ಹೊರಲ್ಲ ಮೇಸ್ತ್ರಿ. ಎತ್ತರ ಅಳೀತಾರೆ. ಹೊತ್ತರೆ ಕಮ್ಮಿ ಬರುತ್ತೆ.”

ಮೇಸ್ತ್ರಿ ಉಗುಳಿದ. “ಕೇಳ್ರಪ್ಪ. ಇಟ್ಟಿಗೆ ಹೊತ್ತರೆ ಮಹಾರಾಣಿ ಸವೆದು ಹೋಗ್ತಾಳಂತೆ. ಇವಳೇನು ಸೋಪಾ?”

“ಅವಳ ಪಾಲು ನಾನು ಹೊರ್ತೀನಿ,” ಎಂದು ಅವ್ವ ಮುಂದೆ ಬಂದಳು. “ನಿಮ್ಮ ಕಾಲಿಗೆ ಬೀಳ್ತೀನಿ, ಅವಳನ್ನ ಬಿಡಿ.”

“ಮೂರು ದಿನ ನೀನು ಹೊತ್ತಿದ್ದು ನೋಡಿಲ್ವಾ ನಾನು? ಸುಮ್ಮನಿದ್ದೆ. ಇವತ್ತು ಅವಳೇ ಹೊರಬೇಕು. ಪೊಲೀಸ್ ಆಗಿ ನಾಳೆ ನನ್ನ ಮುಂದೆ ಜೀಪ್ ನಿಲ್ಲಿಸೋಳು, ಇವತ್ತು ನನ್ನ ಲಾರಿ ತುಂಬಿಸಿ ಹೋಗಲಿ. ಮೈ ಬಿಸಿ ಆಗುತ್ತೆ, ಓಟಕ್ಕೂ ಒಳ್ಳೇದು.”

ಗಿಡ್ಡಿ ತಾತನ ಕಡೆ ನೋಡಿದಳು. ತಾತ ಗೇಟಿನ ಸರಪಳಿ ನೋಡುತ್ತಿದ್ದ. ಅವನ ಅನ್ನವೂ ಅದೇ ಗೂಡಿನದು.

ಅವಳು ಇಟ್ಟಿಗೆಗಳನ್ನು ಎದೆಗವಚಿಕೊಂಡು ಎರಡು ಸಲ ಹೋಗಿ ಬಂದಳು. ಮೂರನೆಯ ಸಲಕ್ಕೆ ಮೇಸ್ತ್ರಿ ಅಡ್ಡ ಬಂದ. “ಏನೇ ಬೋಸುಡಿ, ಕೂಸಿಗೆ ಮೊಲೆ ಕೊಡ್ತಿದೀಯಾ? ತಲೆ ಮೇಲೆ ಹೊರು. ಹನ್ನೆರಡು.”

ಹೊತ್ತಳು. ಒಂದೊಂದು ಹಲಗೆ ಕೂತಾಗಲೂ ಕತ್ತಿನಿಂದ ಸೊಂಟದವರೆಗೆ ಒಂದೊಂದು ಮಣಿ ಅಮುಕಿಕೊಳ್ಳುವುದು ಅವಳಿಗೆ ಕೇಳಿಸುತ್ತಿತ್ತು. ಈವರೆಗೆ ಎಂದೂ ಕೇಳಿಸಿರಲಿಲ್ಲ. ಉಳಿದ ಆಳುಗಳ ಜೊತೆ ಅವಳೂ ಮೂವತ್ತೊಂದು ಸಲ ಹೊತ್ತ ಮೇಲೆ ಲಾರಿ ತುಂಬಿತು. ಮೇಸ್ತ್ರಿ ಚೀಟಿಯನ್ನು ಅವಳ ಕಾಲ ಬಳಿ ಎಸೆದ.

ಅದೇ ಲಾರಿ ಮೈದಾನದ ಕಡೆ ಹೋಗುವುದಿತ್ತು. ಗಿಡ್ಡಿ ಇಟ್ಟಿಗೆಗಳ ಮೇಲೆ ಹತ್ತಿ, ಬೆನ್ನು ಚಪ್ಪಟೆ ಮಾಡಿ, ಕೈಕಾಲು ಚಾಚಿ ಮಲಗಿಬಿಟ್ಟಳು. ತಾನು ತುಂಬಿದ ಇಟ್ಟಿಗೆಗಳೇ ಹಾಸಿಗೆ. ಉಬ್ಬು, ಉಬ್ಬು ಎಂದು ಬೆನ್ನಿಗೆ ಹೇಳಿಕೊಂಡಳು. ಲಾರಿ ಗುಂಡಿಯಿಂದ ಗುಂಡಿಗೆ ಎತ್ತಿ ಹಾಕುತ್ತಿತ್ತು. ದಾರಿ ಮುಕ್ಕಾಲು ಗಂಟೆಗೆ ಮುಗಿದುಹೋಯಿತು.

ಮೈದಾನದಲ್ಲಿ ಮೊದಲು ಓಟ. ಪದ್ಯ ಮುಗಿಯುವ ಮೊದಲೇ ಗೆರೆ ದಾಟಿದಳು. ತನ್ನ ಗುಂಪಿನಲ್ಲಿ ಎರಡನೆಯವಳು. ಗುಂಡನ್ನು ಯಾರೂ ಹಿಡಿಯದ ಹಾಗೆ ತಳ್ಳಿದಳು, ಬೇಕಾದ್ದಕ್ಕಿಂತ ಒಂದು ಮೊಳ ಹೆಚ್ಚೇ ಹೋಯಿತು. ಕೊನೆಗೆ ಶಾಮಿಯಾನದ ಕೆಳಗೆ ಎತ್ತರ ಅಳೆಯುವ ನೆಟ್ಟನೆ ಹಲಗೆ, ಬುಡದಲ್ಲಿ ನಿಲ್ಲಲು ಮಣೆ. ಅದರ ಪಕ್ಕ ಮಹಿಳಾ ಪೇದೆಯೊಬ್ಬಳು ನಿಂತು, ಮೇಲಿನಿಂದ ಪಟ್ಟಿಯನ್ನು ಇಳಿಸಿ ಅಭ್ಯರ್ಥಿಗಳ ನೆತ್ತಿಗೆ ತಾಗಿಸುತ್ತಿದ್ದಳು. ಮೇಜಿನ ಹಿಂದೆ ಕೂತ ಅಧಿಕಾರಿ ಬರೆದುಕೊಳ್ಳುತ್ತಿದ್ದ.

ಪಟ್ಟಿ ನೆತ್ತಿಗೆ ಬಂದು ಕೂತಿತು.

“ನೂರಾ ಐವತ್ತಾರು ಪಾಯಿಂಟ್ ಮೂರು ಸಾರ್.”

“ಔಟ್. ಮುಂದಿನವರು.”

ಅರ್ಧ ಬೆರಳು.

“ಸಾರ್, ಬೆಳಿಗ್ಗೆ ಲಾರಿ ತುಂಬಿಸಿ ಬಂದೆ. ತಲೆ ಮೇಲೆ ಹೊರೆ ಹೊತ್ತಿದ್ದೆ,” ಅಂದಳು ಗಿಡ್ಡಿ. ಮಾತು ಒಂದರ ಮೇಲೊಂದು ಬಿದ್ದವು. “ಮಲಗಿದರೆ ಬರುತ್ತೆ ಸಾರ್. ಇಲ್ಲೇ ನೆಲದ ಮೇಲೆ ಎರಡು ಗಂಟೆ ಮಲಗಿರ್ತೀನಿ, ಎಲ್ಲರದೂ ಮುಗಿದ ಮೇಲೆ ಇನ್ನೊಂದು ಸಲ ಅಳೀರಿ.”

ಅಧಿಕಾರಿ ಈಗ ತಲೆ ಎತ್ತಿದ. “ಮಲಗೋಕೆ ಬಂದಿದೀಯಾ ಇಲ್ಲಿಗೆ? ಹೊರೋರು ಹೊರೋ ಕೆಲಸ ಮಾಡ್ಕೊಂಡಿರಬೇಕು. ಆ ತಲೆ ಟೋಪಿಗೆ ಮಾಡಿದ್ದಲ್ಲ.” ಹಿಂದೆ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. “ಎಳೀರಿ ಅವಳನ್ನ.”

ಗಿಡ್ಡಿ ಮಣೆಯ ಮೇಲೆಯೇ ನಿಂತಿದ್ದಳು. ಹಿಮ್ಮಡಿ ಕೂಡಿತ್ತು, ಬೆನ್ನು ಅಂಟಿತ್ತು, ಕೈಗಳು ಹಿಂದಕ್ಕೆ ಹೋಗಿ ಹಲಗೆಯ ಎರಡೂ ಅಂಚನ್ನು ಹಿಡಿದಿದ್ದವು. ಸಾವಿರ ಸಾವಿರ ಇಟ್ಟಿಗೆ ಹಿಡಿದ ಬೆರಳುಗಳು. ಒಬ್ಬ ಪೇದೆ ತೋಳು ಹಿಡಿದು ಎಳೆದ, ಹಲಗೆ ಅವಳ ಜೊತೆಯಲ್ಲೇ ಅಲ್ಲಾಡಿತು, ಮುರಿದೀತೆಂದು ಬಿಟ್ಟುಬಿಟ್ಟ. ಅಧಿಕಾರಿ ಎದ್ದು ನಿಂತ. ಸಾಲಿನಲ್ಲಿ ನಗು ನಿಂತಿತ್ತು.

ಪಟ್ಟಿ ಹಿಡಿದಿದ್ದ ಮಹಿಳಾ ಪೇದೆ ಹತ್ತಿರ ಬಗ್ಗಿದಳು. ಅವಳ ದನಿಯಲ್ಲಿ ಗದರಿಕೆ ಇರಲಿಲ್ಲ.

“ತಂಗಿ, ನನ್ನ ಮಾತು ಕೇಳು. ನಿನ್ನ ಹೆಸರಲ್ಲಿ ಕೇಸು ಹಾಕಿದರೆ ಮುಂದಿನ ವರ್ಷಾನೂ ಬರೋ ಹಾಗಿಲ್ಲ. ನನ್ನ ನೌಕರಿಗೂ ಕಲ್ಲು ಬೀಳುತ್ತೆ. ಕೈಮುಗಿದು ಕೇಳ್ತೀನಿ, ಇಳಿದುಬಿಡು.”

“ಇಳಿಯಲ್ಲ,” ಅಂದಳು ಗಿಡ್ಡಿ.