ತಿರುಗದ ಕರುಳು

"ಚಟ್ಟ ಕೆಳಗಿಡಿ," ಎಂದು ನಾಗರಾಜು ಮುಂದಿನ ಬಿದಿರನ್ನು ಎರಡೂ ಕೈಯಲ್ಲಿ ಹಿಡಿದ. ಹೊತ್ತವರು ಕಾಮಾಕ್ಷಿಪಾಳ್ಯದ ಆ ಗಲ್ಲಿಯಲ್ಲೇ ನಿಂತುಬಿಟ್ಟರು.

"ನಿನ್ನೆ ತಂಗಿ ಸೀತಾಳ ಸೀಮಂತ ಮುಗಿಸಿ, ಕೆಂಗೇರಿಯಿಂದ ನಗ್ತಾ ಬಸ್ ಹತ್ತಿದ್ಲು ನಮ್ಮಕ್ಕ. ಬೆಳಗಾಗೋಷ್ಟ್ರಲ್ಲಿ ಹೆಣ. ಏನ್ ಮಾಡಿದ್ರಿ ಭಾವ? ಹೇಳ್ದೆ ಹೋದ್ರೆ ಸ್ಟೇಷನ್‌ಗೆ ಹೋಗ್ತೀನಿ."

ಚಿಕ್ಕಣ್ಣ ಹೆಂಡತಿಯ ಮುಖವನ್ನೇ ನೋಡುತ್ತಿದ್ದ. "ಆಸ್ಪತ್ರೆಗೆ ಕರ್ಕೊಂಡು ಹೋದೆ. ಆಪರೇಷನ್‌ಗೆ ಒಯ್ಯೋಷ್ಟ್ರಲ್ಲಿ..."

"ಯಾತರ ಆಪರೇಷನ್?"

"ಅವಳಿಗೆ ಮಾತು ಕೊಟ್ಟಿದೀನಿ ನಾಗರಾಜು."

"ಸತ್ತೋಳಿಗೆ ಏನ್ ಮಾತು?"

* * *

ನಾಲ್ಕು ವರ್ಷದ ಹಿಂದೆ, ಎಪ್ಪತ್ಮೂರರಲ್ಲಿ. ಚಿಕ್ಕಣ್ಣನ ಹೆಂಡತಿ ಪುಟ್ಟಲಕ್ಷ್ಮಿ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಎದೆಯುರಿ ಹೆಚ್ಚಾದಾಗ, ಹೊಟ್ಟೆಹುಣ್ಣಿರಬಹುದೆಂದು ಬಿಳಿ ಔಷಧಿ ಕುಡಿಸಿ ಎಕ್ಸ್‌ರೇ ತೆಗೆದರು. ಹುಣ್ಣು ಇರಲಿಲ್ಲ.

"ನಿಮ್ಮ ಕರುಳು ತಿರುಗಬೇಕಾದ ಹಾಗೆ ತಿರುಗಿಲ್ಲಮ್ಮ," ಎಂದರು ಡಾಕ್ಟರು. "ಸಣ್ಣ ಕರುಳೆಲ್ಲ ಬಲಕ್ಕಿದೆ, ದೊಡ್ಡದು ಎಡಕ್ಕಿದೆ. ಹುಟ್ಟಿನಿಂದಲೇ ಹೀಗೆ. ಎಷ್ಟೋ ಜನಕ್ಕೆ ಗೊತ್ತೇ ಆಗೋದಿಲ್ಲ. ಆದರೆ ನುಲಿದುಕೊಂಡ್ರೆ ಅಪಾಯ. ಹಸಿರು ವಾಂತಿ ಆದ್ರೆ ಒಂದು ಗಂಟೆನೂ ಕಾಯ್ಬೇಡಿ."

ಹೊರಗೆ ಬಂದ ಕೂಡಲೇ ಅವಳು ಗಂಡನ ಕೈ ಹಿಡಿದಳು. "ನಮ್ಮ ತವರಲ್ಲಿ ಯಾರಿಗೂ ಹೇಳ್ಬೇಡಿ. ಸೀತಾಗೆ ಗಂಡು ನೋಡ್ತಾ ಇದಾರೆ. ಮನೆತನದಲ್ಲೇ ಐಬು ಅಂತಾರೆ."

ತಂಗಿಯ ಮದುವೆಯಾದ ಮೇಲೆ, "ಅವಳಿಗೊಂದು ಮಗು ಆಗ್ಲಿ, ಆಮೇಲೆ ಹೇಳೋಣ," ಎಂದಳು.

* * *

ಚಿಕ್ಕಣ್ಣ ಎಲ್ಲವನ್ನೂ ಹೇಳಿ ಮುಗಿಸಿದಾಗ ನಾಗರಾಜು ಅವನ ಅಂಗಿಯ ಕೊರಳಪಟ್ಟಿ ಹಿಡಿದ.

"ಗೊತ್ತಿದ್ದೂ ಕಾದ್ರಾ?"

"ವಾಂತಿ ಆಗಿದ್ದು ನನಗೆ ಹೇಳ್ಲೇ ಇಲ್ಲ ಕಣೋ. ಮನೆಗೆ ಬಂದು ಮಲಗಿದ ಮೇಲೆ ನೋಡಿದ್ರೆ ಹೊಟ್ಟೆ ಕಲ್ಲಾಗಿತ್ತು."

"ಸುಳ್ಳು."

"ಸುಳ್ಳಲ್ಲ ಅಣ್ಣ."

ಎಲ್ಲರೂ ತಿರುಗಿದರು. ತುಂಬಿದ ಬಸುರಿ ಸಾವಿನ ಮನೆಗೆ ಬರಬಾರದೆಂದರೂ ಕೇಳದೆ ಬಂದಿದ್ದ ಸೀತಾ ಹೊಸಿಲಲ್ಲಿ ನಿಂತಿದ್ದಳು.

"ನಾನು ನೋಡ್ದೆ. ಆರತಿಗೆ ಮುಂಚೆ, ಕೆಂಗೇರೀಲಿ ನಿಮ್ಮನೆ ಹಿತ್ತಲಲ್ಲಿ. ಹಸಿರು ವಾಂತಿ. 'ಹೇಳಿದ್ರೆ ನಿನ್ನ ಶಾಸ್ತ್ರ ನಿಂತೋಗುತ್ತೆ, ಸುಮ್ನಿರು,' ಅಂದ್ಲು. ನಾನು ಸುಮ್ನಿದ್ದೆ."

ನಾಗರಾಜುವಿನ ಕೈ ಕೊರಳಪಟ್ಟಿಯಿಂದ ಜಾರಿತು. ಅವನು ಚಪ್ಪಲಿ ಬಿಟ್ಟು, ಚಟ್ಟದ ಮುಂದಿನ ಬಿದಿರಿಗೆ ಭುಜ ಕೊಟ್ಟ. ಇನ್ನೊಂದು ಬದಿಯಲ್ಲಿ ಚಿಕ್ಕಣ್ಣ ನಿಂತ.

ಹೆಣ ಮಾಗಡಿ ರಸ್ತೆಯ ಕಡೆ ತಿರುಗುವವರೆಗೂ ಸೀತಾ ಹೊಸಿಲು ಬಿಟ್ಟು ಕದಲಲಿಲ್ಲ. ನಿನ್ನೆ ಅಕ್ಕ ಒಂದೊಂದಾಗಿ ತೊಡಿಸಿದ್ದ ಗಾಜಿನ ಬಳೆಗಳು ಸದ್ದು ಮಾಡದಂತೆ, ಎರಡೂ ಕೈಗಳನ್ನು ಸೆರಗಿನಲ್ಲಿ ಬಿಗಿಯಾಗಿ ಸುತ್ತಿಕೊಂಡಿದ್ದಳು.