ಕೋಡೊಲೆಯ ಬಿರುಕು

ಒಲೆಯ ಎಡಗಡೆ ಸಾರಿಸಿ ಮುಗಿದಿತ್ತು. ಶಕುಂತಲಮ್ಮ ಕೆಮ್ಮಣ್ಣು, ಸಗಣಿ ಕಲಸಿದ ಬೋಗುಣಿಯಲ್ಲಿ ಮತ್ತೆ ಕೈ ಅದ್ದಿ ಬಲಗಡೆಗೆ ಬಂದಳು. ಒಲೆಯ ದೊಡ್ಡ ಬಾಯಿಗೂ ಪಕ್ಕದ ಸಣ್ಣ ಬಾಯಾದ ಕೋಡಿಗೂ ನಡುವೆ, ಒಳಗಿನಿಂದ ಉರಿ ಹಾಯುವ ಜಾಗದ ಮೇಲೆ, ನಿನ್ನೆ ಮುಚ್ಚಿದ್ದ ಬಿರುಕು ಮತ್ತೆ ಬಾಯಿ ಬಿಟ್ಟಿತ್ತು.

“ಅವ್ವಾ, ತಡಿ, ಮುಚ್ಚಬ್ಯಾಡ,” ಎಂದಳು ದಾಕ್ಷಾಯಣಿ. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಭೂಗೋಳದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಎಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಿತ್ತು. ಮಂಡಿಪೇಟೆಯ ಆ ಮನೆಯಲ್ಲಿ ಹಗಲೆಲ್ಲ ಅಕ್ಕಿ, ಜೋಳದ ಮಾತು. ಓದಿಗೆ ಸಿಗುತ್ತಿದ್ದದ್ದು ಮಿಲ್ಲಿನ ಸೈರನ್ ಕೂಗುವುದಕ್ಕೆ ಮೊದಲಿನ ಈ ಹೊತ್ತು ಮಾತ್ರ.

“ಇಲ್ಲೇ ಯಾಕ ಬಿರೀತೈತೆ, ಹೇಳು ಮತ್ತೆ,” ಎಂದಳು ತಾಯಿ.

“ಇಲ್ಲಿ ಮಣ್ಣು ತೆಳ್ಳಗೈತೆ. ಕೆಳಗೆ ಉರಿ ಹಾಯ್ತೈತೆ.”

“ಭೂಮಿಗೆ?”

“ಭೂಮಿಗೂ ಹಂಗೇ. ಆಳದಾಗೆ ಕಲ್ಲು ಕರಗೋವಷ್ಟು ಕಾವು ಐತೆ. ಎಲ್ಲಾ ಕಡೆ ಕರಗೋದಿಲ್ಲ. ಕರಗಿದ್ದು ಹಗುರಾಗಿ ಮ್ಯಾಲೆ ಬರ್ತೈತೆ. ಅದರೊಳಗೆ ಹಬೆ ಸಿಕ್ಕಂಡಿರ್ತೈತೆ. ಮೇಲಿನ ಪದರ ಎಲ್ಲಿ ಸೀಳೈತೋ ಅಲ್ಲಿ ಹೊರಗೆ ಬೀಳ್ತೈತೆ. ಬಿದ್ದದ್ದೇ ಬಾಯಿ ಸುತ್ತ ಗುಡ್ಡ ಆಗ್ತೈತೆ.”

“ಅಂದ್ರೆ ಗುಡ್ಡ ಮೊದಲಲ್ಲ.”

“ಅಲ್ಲ. ಬಿರುಕು ಮೊದಲು.”

ಶಕುಂತಲಮ್ಮ ಹರಿಹರದ ಶಾಲೆಯಲ್ಲಿ ಐದನೆಯ ಇಯತ್ತೆಯವರೆಗೆ ಓದಿದವಳು. ಅವಳ ಭೂಗೋಳ ತುಂಗಭದ್ರೆಯ ದಂಡೆಯಲ್ಲೇ ನಿಂತುಬಿಟ್ಟಿತ್ತು. ಮಗಳು ಒಂದೊಂದು ಇಯತ್ತೆ ದಾಟಿದಾಗಲೂ ತಾನೂ ಸದ್ದಿಲ್ಲದೆ ಅವಳ ಹಿಂದೆ ದಾಟಿದ್ದಳು. ಪೆಸಿಫಿಕ್ ಸಾಗರದ ಸುತ್ತ ಬಳೆಯ ಹಾಗೆ ಅಗ್ನಿಪರ್ವತಗಳಿವೆ ಎಂದು ಮಗಳು ನಕ್ಷೆ ತೋರಿಸಿದ ದಿನ, ರೊಟ್ಟಿ ಬಡಿಯುವುದು ಬಿಟ್ಟು ನೋಡುತ್ತಾ ನಿಂತಿದ್ದಳು.

“ನಮ್ಮ ಕಡೆ ಯಾಕ ಇಲ್ಲ?”

“ಹಿಂದೆ ವಿಜಾಪುರ, ಬೆಳಗಾವಿ ಕಡೆ ನೆಲ ಸೀಳಿ ಕರಗಿದ ಕಲ್ಲು ಹರಿದಿತ್ತಂತೆ. ಅದೇ ಆರಿ ಕರಿಕಲ್ಲಾಗೈತೆ. ಈಗ ಇಲ್ಲ. ನಮ್ಮ ನೆಲ ಬಾಳ ಹಳೇದು, ಗಟ್ಟಿ.”

“ಹಳೇದು, ಗಟ್ಟಿ,” ಎಂದು ಶಕುಂತಲಮ್ಮ ಮೆಲ್ಲಗೆ ಹೇಳಿಕೊಂಡಳು.

“ಏನದು ತಾಯಿ ಮಗಳದು ಒಲೆ ಮುಂದೆ ಪುರಾಣ?” ಅತ್ತೆ ಕೊಟ್ರವ್ವ ವಿಭೂತಿ ಹಚ್ಚಿದ ಹಣೆ ತೂರಿಸಿ ಒಳಗೆ ಬಂದಳು. “ಆ ಬಿರುಕು ಬಿಟ್ಕಂಡು ಕೂತೀಯಲ್ಲ, ನಾಳೆ ಹರಿಹರದವರು ಹುಡುಗೀನ್ನ ನೋಡಾಕ ಬರ್ತಾರೆ. ಮುಚ್ಚು. ಒಲೆ ಒಡೆದ ಮನೆಯಿಂದ ಉಡಿ ಹೊರಡಬಾರದು.”

ಅದು ಕೊಟ್ರವ್ವನ ತವರಿನ ಕಟ್ಟಳೆ. ಒಲೆ ಒಡೆದರೆ ಹೊಸದು ಹಾಕಿ, ಒಣಗಿಸಿ, ಹಾಲು ಉಕ್ಕಿಸುವ ತನಕ ಆ ಮನೆಯಿಂದ ಯಾವ ಶುಭಕಾರ್ಯಕ್ಕೂ ಹೆಜ್ಜೆ ಎತ್ತುವಂತಿಲ್ಲ. ಸ್ವಂತ ಮಗಳ ಬಳೆ ಶಾಸ್ತ್ರವನ್ನೇ ಅವಳು ಹಾಗೆ ನಿಲ್ಲಿಸಿದ್ದಳು. ಗಾಡಿ ಕಟ್ಟಿ ಆಗಿತ್ತು, ಬೀಗರು ಕಾದಿದ್ದರು, ಆದರೂ ಜಗ್ಗಿರಲಿಲ್ಲ.

ಶಕುಂತಲಮ್ಮ ಬಿರುಕಿನ ಮೇಲೆ ಮಣ್ಣು ಎಳೆದಳು.

ಮರುದಿನ ನೋಡಲು ಬಂದವರು ಹರಿಹರದಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ವಾಮದೇವಪ್ಪ, ಅವರ ಹೆಂಡತಿ ನಿರ್ಮಲಮ್ಮ, ಮತ್ತು ತಟ್ಟೆಯಿಂದ ಕಣ್ಣೆತ್ತದ ಅವರ ಮಗ. ಶಕುಂತಲಮ್ಮ ಅಡುಗೆಮನೆಯ ಬಾಗಿಲ ಸಂದಿನಲ್ಲಿ ನಿಂತಳು. ಹುಡುಗಿಯ ಓದು ಕಂಡು ಮೆಚ್ಚಿದರೆ, ಪರೀಕ್ಷೆ ಮುಗಿಯಲಿ ಎನ್ನಬಹುದು. ಬೆದರಿದರೆ ಎದ್ದು ಹೋಗಬಹುದು. ಎರಡರಲ್ಲಿ ಯಾವುದಾದರೂ ಆದೀತು ಎಂದು ಅವಳು ಲೆಕ್ಕ ಹಾಕಿದ್ದಳು.

“ಯಾವ ಪಾಠ ನಡದೈತವ್ವ?” ಎಂದರು ವಾಮದೇವಪ್ಪ.

“ಜ್ವಾಲಾಮುಖಿ ರೀ.”

“ಓ, ಬೆಂಕಿ ಗುಡ್ಡ. ಒಳಗೆ ಗಂಧಕ ತುಂಬಿರ್ತೈತಲ್ಲ, ಅದಕ್ಕ ಗುಡ್ಡ ಉರೀತೈತೆ.”

“ಗುಡ್ಡ ಉರಿಯೋದಿಲ್ರಿ,” ಎಂದಳು ದಾಕ್ಷಾಯಣಿ.

ಕಲ್ಲೇಶಪ್ಪ ಕೆಮ್ಮಿದ. ಅಪ್ಪನ ಆ ಕೆಮ್ಮಿನ ಅರ್ಥ ಮಗಳಿಗೆ ಗೊತ್ತಿತ್ತು. ಆದರೆ ಗೊತ್ತಿದ್ದ ಪಾಠವನ್ನು ಅರ್ಧಕ್ಕೆ ಬಿಡುವುದು ಅವಳಿಗೆ ಬರುತ್ತಿರಲಿಲ್ಲ. ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿದಳು. ಕರಗಿದ ಕಲ್ಲು, ಸಿಕ್ಕಿಕೊಂಡ ಹಬೆ, ಸೀಳು, ಸಾಗರದ ಸುತ್ತಿನ ಬಳೆ, ಅಂಡಮಾನಿನ ಹತ್ತಿರ ನಮ್ಮ ದೇಶಕ್ಕೇ ಸೇರಿದ ಒಂದು ದ್ವೀಪ. ಶಕುಂತಲಮ್ಮನ ತುಟಿಗಳೂ ಬಾಗಿಲ ಹಿಂದೆ ಅವಳ ಜೊತೆಯಲ್ಲೇ ಆಡುತ್ತಿದ್ದವು.

ಪಡಸಾಲೆಯಲ್ಲಿ ವಾಮದೇವಪ್ಪ ಹೊಟ್ಟೆ ಕುಣಿಸಿ ನಕ್ಕರು.

“ಬಾಳ ಶ್ಯಾಣೇಕಿ ಇದ್ದಾಳ್ರೀ ಕಲ್ಲೇಶಪ್ಪ. ನಮ್ಮನೇ ಒಲೆ ಹಚ್ಚಾಕ ಇಷ್ಟು ಸಾಕೇ ಸಾಕು.”

“ಮನೇಲಿ ಒಂದು ಜ್ವಾಲಾಮುಖಿ ಆಗ್ಲೇ ಐತವ್ವ,” ಎಂದು ನಿರ್ಮಲಮ್ಮ ಗಂಡನ ಕಡೆ ಗದ್ದ ತೋರಿಸಿದರು. “ಉಪ್ಪು ಹೆಚ್ಚಾದ್ರೆ ನೋಡಬೇಕು.”

ಎಲ್ಲರೂ ನಕ್ಕರು. ಮೆಚ್ಚಲಿಲ್ಲ, ಬೆದರಲಿಲ್ಲ. ಗಿಣಿ ಮಾತಾಡಿದಾಗ ನಗುವ ಹಾಗೆ ನಕ್ಕು, ಹುಡುಗಿ ಒಪ್ಪಿಗೆ ಎಂದುಬಿಟ್ಟರು. ನಂದಿಗುಡಿಯಿಂದ ಅವರ ಮನೆತನದ ಗುರು ಅಯ್ಯನವರು ಹರಿಹರಕ್ಕೆ ಬರುವವರಿದ್ದರು. ಮುಂದಿನ ಗುರುವಾರ, ಅವರ ಎದುರಿಗೇ, ಹರಿಹರದ ಮನೆಯಲ್ಲೇ ಉಡಿ ತುಂಬಿ ಮದುವೆ ನಿಶ್ಚಯಿಸುವುದೆಂದು ತೀರ್ಮಾನವಾಯಿತು. ಬೆಳಗಿನ ರೈಲಿಗೆ ಎಲ್ಲರೂ ಬರಬೇಕು.

“ಗುರುವಾರ ಭೂಗೋಳದ ಪರೀಕ್ಷೆ ಐತ್ರಿ,” ಎಂದಳು ದಾಕ್ಷಾಯಣಿ.

“ಪರೀಕ್ಷೆ ಮುಂದಿನ ವರ್ಷನೂ ಬರ್ತೈತೆ,” ಎಂದ ಕಲ್ಲೇಶಪ್ಪ.

“ನಮ್ಮನೆಗೆ ಬಂದಮ್ಯಾಲೆ ಅದೆಲ್ಲ ಯಾಕವ್ವ,” ಎಂದು ನಿರ್ಮಲಮ್ಮ ಪ್ರೀತಿಯಿಂದಲೇ ಹುಡುಗಿಯ ಕೆನ್ನೆ ಸವರಿದರು.

ಒಂದು ಪತ್ರಿಕೆ ತಪ್ಪಿದರೆ ಇಡೀ ಎಸ್ಸೆಲ್ಸಿಯೇ ಹೋದಂತೆ. ಮದುವೆಯಾದ ಮೇಲೆ ಯಾರೂ ಅವಳನ್ನು ಪರೀಕ್ಷೆಗೆ ಕೂರಿಸುವುದಿಲ್ಲ. ಪಾಸಾಗಿದ್ದರೆ ಮಾತ್ರ, ಎಂದಾದರೂ, ಹರಿಹರದ ಹೆಣ್ಣುಮಕ್ಕಳ ಶಾಲೆಯಲ್ಲಾದರೂ ಟೀಚರಮ್ಮನ ಕುರ್ಚಿ ಸಿಕ್ಕೀತು. ಶಕುಂತಲಮ್ಮನಿಗೆ ಇದು ಬಾಯಿಪಾಠವಾಗಿತ್ತು. ಗಂಡ ಊಟಕ್ಕೆ ಕೂತಾಗ ಇದನ್ನೇ ಅವನ ಮುಂದೆ ಇಟ್ಟಳು.

“ಒಂದೇ ದಿನ ಮುಂದಕ್ಕೆ ಹಾಕ್ರಿ ಅಂತ ಕೇಳ್ರಿ.”

“ಯಾವ ಬಾಯಿಂದ ಕೇಳ್ಲಿ? ಅಯ್ಯನವರ ದಿನ ಅದು. ಹುಡುಗಿ ಬೆಂಕಿ ಗುಡ್ಡದ ಬಗ್ಗೆ ಬರೀಬೇಕಂತೆ, ತಡೀರಿ ಅಂತ ಕೇಳ್ಲಾ?”

“ಕೇಳಿದ್ರೆ ತಪ್ಪೇನು?”

“ನಗ್ತಾರೆ.”

“ಇವತ್ತೂ ನಕ್ಕರಲ್ಲ.”

ಕಲ್ಲೇಶಪ್ಪ ತುತ್ತು ನಿಲ್ಲಿಸಿದ. ಕೆಟ್ಟ ಮನುಷ್ಯನಲ್ಲ. ಮಗಳಿಗೆ ಶಾಲೆಯ ಫೀಸು ಎಂದೂ ತಡಮಾಡಿದವನಲ್ಲ. “ಶಕುಂತಲಾ, ಒಳ್ಳೇ ಮನೆ. ಸಿಕ್ಕದ್ದು ಪುಣ್ಯ. ಸಾರು ಹಾಕು,” ಎಂದ.

ಅವಳು ಸಾರು ಹಾಕಿದಳು. ಬೇಸರ ಅವಳಿಗೆ ಹೊಸದಲ್ಲ, ಆದರೆ ಈ ಸಲದ್ದಕ್ಕೆ ಕೂರಲು ಜಾಗವೇ ಸಿಗಲಿಲ್ಲ. ತನ್ನೊಳಗೆ ಬೆಂಕಿಯಿದೆ, ಒಂದು ದಿನ ಸಿಡಿದೀತು ಎಂದೇನೂ ಅವಳಿಗೆ ಅನ್ನಿಸಲಿಲ್ಲ. ಇದ್ದದ್ದು ಹೊಗೆ. ಹಸಿ ಕಟ್ಟಿಗೆಯ ಹೊಗೆಯ ಹಾಗೆ ಕಣ್ಣಿಗೆ ನೀರು ತರಿಸುವ, ರೊಟ್ಟಿ ಬೇಯಿಸದ ಹೊಗೆ. ಯಾರ ಮೇಲೆ ಸಿಟ್ಟಾಗಬೇಕು? ಯಾರೂ ಗದರಲಿಲ್ಲ. ಎಲ್ಲರೂ ಒಳ್ಳೆಯ ಮಾತೇ ಆಡಿದರು. ಇವರ ಒಳ್ಳೆಯತನ ಹಳೇದು, ಗಟ್ಟಿ. ಉಗುರು ಹಾಕಲು ಒಂದು ಸಂದೂ ಇಲ್ಲ.

ಅತ್ತೆಯನ್ನೂ ಕೇಳಿ ನೋಡಿದಳು. ಕೊಟ್ರವ್ವ ಎಲೆಗೆ ಸುಣ್ಣ ಹಚ್ಚುತ್ತಾ, “ನಾನು ಓದಿದ್ನಾ? ಮನೆ ನಡೀಲಿಲ್ವಾ?” ಎಂದಳು. ಅಷ್ಟಕ್ಕೇ ಮುಗಿಯಿತು.

ದಾಕ್ಷಾಯಣಿ ಅಳಲಿಲ್ಲ. ಉಳಿದ ಪರೀಕ್ಷೆಗಳಿಗೆ ಹೋಗಿ ಬರೆದು ಬಂದಳು. ಬಂದವಳು ಭೂಗೋಳದ ಪುಸ್ತಕವನ್ನು ಗೂಡಿನಲ್ಲಿ ಬೆನ್ನು ತಿರುವಿ ಇಟ್ಟಳು. ಅದು ಶಕುಂತಲಮ್ಮನಿಗೆ ಅಳುವಿಗಿಂತ ಹೆಚ್ಚಾಗಿ ಚುಚ್ಚಿತು.

ಬುಧವಾರ ಬೆಳಿಗ್ಗೆ ಎಂದಿನಂತೆ ಒಲೆಯ ಮುಂದೆ ಕೂತಳು. ಎಡಗಡೆ ಮುಗಿಸಿ ಬಲಗಡೆಗೆ ಬಂದಾಗ ಬಿರುಕು ಅಲ್ಲೇ ಇತ್ತು, ಈಗ ಕೋಡಿನ ಬುಡದ ತನಕ ಇಳಿದಿತ್ತು. ಕಿರುಬೆರಳು ಹಾಕಿದರೆ ಒಳಗೆ ಟೊಳ್ಳು ತಗಲಿತು.

ಮದುವೆಯಾದ ಹೊಸದರಲ್ಲಿ ಅವಳು ಸರಿಯಾಗಿ ಒಣಗದ ಹೊಸ ಒಲೆಗೆ ಅವಸರದಿಂದ ಬೆಂಕಿ ಹಾಕಿದ್ದಳು. ಮೇಲೆ ಬೆಳ್ಳಗೆ ಒಣಗಿದಂತೆ ಕಂಡರೂ ಒಳಗೆ ಹಸಿ ಉಳಿದಿತ್ತು. ಒಂದು ಬದಿ ಪಟಾರೆಂದು ಹಾರಿ ಗೋಡೆಗೆ ಬಡಿದಿತ್ತು. ಅದು ಸೊಸೆಯ ಕೈಗುಣ ಎಂದು ಅತ್ತೆ ವರ್ಷಗಟ್ಟಲೆ ಆಡಿದ್ದಳು, ಅವಳೂ ನಂಬಿದ್ದಳು. ಹಬೆ ಎಂಬುದು ಮಗಳ ಪುಸ್ತಕ ಬಂದ ಮೇಲಷ್ಟೇ ತಿಳಿದದ್ದು. ಒಳಗೆ ಸಿಕ್ಕಿಕೊಂಡ ನೀರು ಕಾವಿಗೆ ಹಬೆಯಾಗುತ್ತದೆ. ಹಬೆಗೆ ಜಾಗ ಬೇಕು. ದಾರಿ ಇಲ್ಲದಿದ್ದರೆ ಎಲ್ಲಿ ತೆಳ್ಳಗಿದೆಯೋ ಅಲ್ಲಿ ಒಡೆದುಕೊಂಡು ಹೋಗುತ್ತದೆ.

ಬೆರಳು ಬಿರುಕಿನಲ್ಲೇ ಇತ್ತು. ಒಲೆ ಒಡೆದ ಮನೆಯಿಂದ ಉಡಿ ಹೊರಡಬಾರದು ಎಂಬ ಅತ್ತೆಯ ಮಾತು ನೆನಪಾಯಿತು. ನಾಳೆ ರೈಲಿಗೆ ಮೊದಲು, ಬುತ್ತಿಗೆಂದು ಇದೇ ಒಲೆಯ ಮೇಲೆ ಹೋಳಿಗೆಯ ಬೇಳೆ ಬೇಯಬೇಕು. ದೊಡ್ಡ ಉರಿ ಬೇಕು. ಉರಿ ಹಾಕುವವಳು ತಾನೇ. ಹತ್ತಿರ ಇರುವವಳೂ ತಾನೊಬ್ಬಳೇ.

ಅವಳು ಎದ್ದು ಹಿತ್ತಿಲಿಗೆ ಹೋದಳು. ಬಚ್ಚಲ ಪಕ್ಕದ ಮೂಟೆಯಿಂದ ಭತ್ತದ ಹೊಟ್ಟು ತಂದು ನೀರಿನಲ್ಲಿ ಚೆನ್ನಾಗಿ ನೆನೆಸಿ, ಹಿಂಡದೆ, ಹಸಿ ಜೇಡಿಮಣ್ಣಿನ ಜೊತೆ ಬಿರುಕಿನ ಒಳಗೆ, ಕೋಡಿನ ಬುಡದ ತನಕ, ಬೆರಳಿನಿಂದ ಒತ್ತಿ ತುಂಬಿದಳು. ಮೇಲೆ ಒಂದು ತೆಳು ಪದರ ಎಳೆದು ಅಂಗೈಯಿಂದ ನುಣ್ಣಗೆ ಸವರಿದಳು. ಇಡೀ ಒಲೆ ಹೊಸದರ ಹಾಗೆ ಕಂಡಿತು. ರಂಗೋಲಿಯ ಎಳೆಯನ್ನೂ ಎಳೆದಳು.

ಕೊಟ್ರವ್ವ ಬಂದು ಬಗ್ಗಿ ನೋಡಿದಳು. “ಹಾಂ. ಈಗ ಚಂದ ಆತು ನೋಡು. ನಾಳೆ ಶುಭ ಕೆಲಸಕ್ಕೆ ಹೊರಡೋ ಮನೆ ಹಿಂಗಿರಬೇಕು.”

“ಹೌದತ್ತಿ.”

ಅತ್ತೆ ಹೋದ ಮೇಲೆ ಕೈ ತೊಳೆದುಕೊಂಡು, ಗೂಡಿನಲ್ಲಿ ಬೆನ್ನು ತಿರುಗಿದ್ದ ಪುಸ್ತಕವನ್ನು ತೆಗೆದು ಮಗಳ ಮುಂದೆ ಇಟ್ಟಳು.

“ಓದ್ಕೋ.”

“ಯಾಕವ್ವ? ನಾಳೆ ಹರಿಹರಕ್ಕಲ್ವಾ?”

“ಓದಿದ್ದು ಎಲ್ಲೂ ಹೋಗೋದಿಲ್ಲ. ಓದ್ಕೋ.”

ದಾಕ್ಷಾಯಣಿ ತಾಯಿಯ ಮುಖ ನೋಡಿದಳು, ಒಲೆ ನೋಡಿದಳು. “ಬಿರುಕು ಮುಚ್ಚಿದ್ಯಾ?”

“ಮುಚ್ಚಿದೆ,” ಎಂದಳು ಶಕುಂತಲಮ್ಮ. ಆಮೇಲೆ ಕಟ್ಟಿಗೆಯ ರಾಶಿಗೆ ಹೋಗಿ, ಚೆನ್ನಾಗಿ ಒಣಗಿದ ಜಾಲಿಯ ತುಂಡುಗಳನ್ನು ಒಂದೊಂದಾಗಿ ಆರಿಸಿ ನಾಳೆಗೆಂದು ಬೇರೆ ಇಟ್ಟಳು.